ಕಪಿಲಾ-ಕಾವೇರಿ ಸೀಮೆಯ ಇತಿಹಾಸವೂ ಪ್ರಕೃತಿ ವಿಜ್ಞಾನಗಳ ನೂತನ ಸಂಶೋಧನೆಗಳೂ

ನಂಜನಗೂಡಿನ ಬದಿಯಲ್ಲಿ ಹರಿದು ಬರುವ ಕಪಿಲೆಯು ತಿರುಮಕೂಡಲು ನರಸೀಪುರದಲ್ಲಿ ಕಾವೇರಿಯನ್ನು ಸೇರುತ್ತದೆ. ಈ ಎರಡು ಊರುಗಳ ಸೀಮೆಯು ಇತಿಹಾಸದ ವಿದ್ಯಾರ್ಥಿಗೆ ಚಿರಪರಿಚಿತವಾದುದು. ಗಂಗರ ರಾಜಧಾನಿಯಾಗಿದ್ದ ತಲಕಾಡು, ಹೊಯ್ಸಳ ಶಿಲ್ಪದ ಸೋಮನಾಥಪುರ, ನಂಜುಂಡೇಶ್ವರನ ಮಹಾದೇವಾಲಯ, ಇವುಗಳ ಚರಿತ್ರೆಯನ್ನು ನಾವು ಬಹುಮಟ್ಟಿಗೆ ಶಾಸನಗಳಿಂದಲೂ ಸಾಹಿತ್ಯದಿಂದಲೂ ಅರಿತಿದ್ದೇವೆ. ಆದರೆ ಬರೆವಣಿಗೆ ಹುಟ್ಟುವುದಕ್ಕೆ ಎಷ್ಟೋ ಶತಮಾನಗಳ ಮೊದಲೇ ಈ ನದೀತೀರದಲ್ಲಿ ಜನ ನೆಲೆಸಿದ್ದರು. ಅವರ ಕಾಲವನ್ನು ನಿರ್ಣಯಿಸಲು ಇತಿಹಾಸಕಾರನು ರಸಾಯನಶಾಸ್ತ್ರಜ್ಞನ, ಸಸ್ಯಶಾಸ್ತ್ರಜ್ಞನ ಮತ್ತು ಭೂವಿಜ್ಞಾನಿಯ ಬಾಗಿಲಿಗೆ ಹೋಗಬೇಕಾಗಿದೆ. ಹೀಗೆ ಹೋದುದರಿಂದ ನಮಗೆ ದೊರೆತುದೇನು, ಹೋಗುವಾಗ ನಾವು ಕೈಯಲ್ಲಿ ಏನನ್ನು ಹಿಡಿದಿರಬೇಕು ಎಂಬುದನ್ನು ವಿಚಾರಮಾಡುವುದೇ ಈ ಲೇಖನದ ಉದ್ದೇಶ.

ಈ ಸಂಬಂಧವು ಹೊಸತೇನೂ ಅಲ್ಲ. ದಕ್ಷಿಣ ಭಾರತದ ಪ್ರಾಗಿತಿಹಾಸಕ್ಕೆ ಅಡಿಗಲ್ಲನ್ನಿಟ್ಟ ರಾಬರ್ಟ್ ಬ್ರೂಸ್ ಫೂಟ್ ಅವರು ಮೂಲತಃ ಭೂವಿಜ್ಞಾನಿಗಳು. 1863ರಲ್ಲಿ ಮದರಾಸಿನ ಬಳಿಯ ಪಲ್ಲಾವರದಲ್ಲಿ ಅವರ ಕಣ್ಣಿಗೆ ಬಿದ್ದ ಶಿಲಾಯುಧದಿಂದಲೇ ನಮ್ಮ ನಾಡಿನ ಆದಿಮಾನವನ ಶೋಧನೆ ಮೊದಲಾಯಿತು. ಆದರೆ ಆಯುಧವನ್ನು ಗುರುತಿಸುವುದು ಬೇರೆ, ಅದಕ್ಕೆ ವರ್ಷಸಂಖ್ಯೆಯನ್ನು ಹೇಳುವುದು ಬೇರೆ. 1947ರಲ್ಲಿ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯನ್ನು ಉತ್ಖನನ ಮಾಡಿಸಿದ ಸರ್ ಮಾರ್ಟಿಮರ್ ವೀಲರ್ ಅವರ ಮುಂದೆಯೂ ಇದೇ ತೊಡಕು ಇತ್ತು. ರೋಮನ್ ವ್ಯಾಪಾರದ ಕುರುಹುಗಳಿಂದ ಕ್ರಿಸ್ತಶಕದ ಆರಂಭಕಾಲದ ಸ್ತರವನ್ನು ಗುರುತಿಸಿ, ಅಲ್ಲಿಂದ ಕೆಳಗಿನ ಸ್ತರಗಳ ದಪ್ಪವನ್ನು ಲೆಕ್ಕಹಾಕುತ್ತ ಅವರು ಹಿಂದಕ್ಕೆ ಸರಿದರು. ಕಲ್ಲುಗೊಡಲಿಯ ಸಂಸ್ಕೃತಿಯು ಅಲ್ಲಿ ಕ್ರಿ. ಪೂ. ಮೊದಲನೆಯ ಸಹಸ್ರಮಾನದ ಆದಿಯಲ್ಲಿ ತೊಡಗಿರಬೇಕೆಂದು ಊಹಿಸಿದರು. ಆಗಿನ ಸಾಧನಗಳಿಗೆ ಅದು ಎಚ್ಚರಿಕೆಯಿಂದ ಮಾಡಿದ ಊಹೆಯೇ ಆಗಿತ್ತು.

ಅಷ್ಟರಲ್ಲಿ ಅಮೆರಿಕದಲ್ಲಿ ವಿಲ್ಲರ್ಡ್ ಲಿಬ್ಬಿ ಮತ್ತು ಅವರ ಸಂಗಡಿಗರು ಇಂಗಾಲ-14ರ ವಿಧಾನವನ್ನು ರೂಪಿಸಿ, 1949ರಲ್ಲಿ ಅದರ ಮೊದಲ ಫಲಿತಾಂಶಗಳನ್ನು ಪ್ರಕಟಿಸಿದರು. ಇದಕ್ಕಾಗಿ 1960ರಲ್ಲಿ ಲಿಬ್ಬಿಯವರಿಗೆ ರಸಾಯನಶಾಸ್ತ್ರದ ನೊಬೆಲ್ ಪಾರಿತೋಷಕ ಲಭಿಸಿತು. ಇದರ ತತ್ತ್ವ ಸರಳವಾದುದು. ಗಿಡಮರಗಳು ಗಾಳಿಯಿಂದ ಇಂಗಾಲವನ್ನು ಹೀರುವಾಗ ಅತ್ಯಲ್ಪ ಪ್ರಮಾಣದ ವಿಕಿರಣಶೀಲ ಇಂಗಾಲವೂ ಅವುಗಳನ್ನು ಸೇರುತ್ತದೆ. ಜೀವ ಹೋದ ಮೇಲೆ ಹೊಸ ಇಂಗಾಲ ಸೇರುವುದಿಲ್ಲ. ಸೇರಿದ್ದುದು ಸುಮಾರು 5,730 ವರ್ಷಗಳಿಗೆ ಅರ್ಧದಷ್ಟಾಗುತ್ತದೆ. ಉಳಿದುದನ್ನು ಅಳೆದರೆ ಕಳೆದ ಕಾಲ ತಿಳಿಯುತ್ತದೆ. ನಮ್ಮ ದೇಶದಲ್ಲಿ ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯು 1960ರ ದಶಕದಲ್ಲಿ ಇದಕ್ಕೆಂದೇ ಒಂದು ಪ್ರಯೋಗಶಾಲೆಯನ್ನು ನಡೆಸಿತು.

ನರಸೀಪುರದ ಉತ್ಖನನವು ಈ ಕಾಲಕ್ಕೇ ಸೇರಿದುದು. ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಪ್ರಾಧ್ಯಾಪಕರಾಗಿದ್ದ ಡಾ. ಎಂ. ಶೇಷಾದ್ರಿಯವರು 1959-60 ಮತ್ತು 1961-62ರಲ್ಲಿ ಇಲ್ಲಿ ಅಗೆತವನ್ನು ನಡೆಸಿದರು. ಅದರ ವರದಿ 1971ರಲ್ಲಿ ಹೊರಬಂದಿತು. ಉಜ್ಜಿ ನಯಗೊಳಿಸಿದ ಕಲ್ಲುಗೊಡಲಿಗಳು, ಬೂದುಬಣ್ಣದ ಮಡಕೆಗಳು, ಮಡಕೆಗಳೊಡನೆ ಹೂಳಿದ್ದ ಮಾನವನ ಅಸ್ಥಿಪಂಜರ, ಸುಟ್ಟ ಮಣ್ಣಿನ ತಲೆದಿಂಬು ಮುಂತಾದುವು ಅಲ್ಲಿ ದೊರೆತುವು. ಅಲ್ಲಿನ ಮಾದರಿಗಳನ್ನು ಇಂಗಾಲ-14ರಿಂದ ಪರೀಕ್ಷಿಸಿದಾಗ ಬಂದ ಕಾಲ ಕ್ರಿ. ಪೂ. ಎರಡನೆಯ ಸಹಸ್ರಮಾನದ ಪೂರ್ವಾರ್ಧ. ಎಫ್. ಆರ್. ಆಲ್ಚಿನ್ ಅವರು 1957ರಲ್ಲಿ ಅಗೆದ ತೆಲಂಗಾಣದ ಉಟ್ನೂರು ಇದಕ್ಕೂ ಹಿಂದಿನದೆಂದು ತಿಳಿದುಬಂದಿತು. ಹೀಗೆ ದಕ್ಷಿಣದ ನವಶಿಲಾಯುಗವು ವೀಲರ್ ಅವರ ಎಣಿಕೆಗಿಂತ ಒಂದು ಸಾವಿರ ವರ್ಷಕ್ಕೂ ಹೆಚ್ಚಾಗಿ ಹಿಂದಕ್ಕೆ ಸರಿಯಿತು. ಸಿಂಧೂ ಕಣಿವೆಯ ನಗರಗಳು ಬಾಳುತ್ತಿದ್ದ ಕಾಲದಲ್ಲಿಯೇ ದಕ್ಷಿಣದಲ್ಲಿ ದನಗಾಹಿ ಸಮಾಜಗಳಿದ್ದುವೆಂಬುದು ಇದರಿಂದ ಸಿದ್ಧವಾಯಿತು. ಪಠ್ಯಪುಸ್ತಕದ ಒಂದು ಅಧ್ಯಾಯವನ್ನೇ ಒಂದು ಹಿಡಿ ಇದ್ದಲು ತಿದ್ದಿತೆಂದರೆ ಉತ್ಪ್ರೇಕ್ಷೆಯಲ್ಲ.

ಇದ್ದಲಿನ ಮಾತನ್ನು ತಿದ್ದುವ ಕೆಲಸವೂ ನಿಂತಿಲ್ಲ. ಗಾಳಿಯಲ್ಲಿನ ಇಂಗಾಲ-14ರ ಪ್ರಮಾಣ ಎಲ್ಲ ಕಾಲದಲ್ಲಿಯೂ ಒಂದೇ ಸಮನಾಗಿರಲಿಲ್ಲವೆಂಬುದು ಮರಗಳ ವಾರ್ಷಿಕ ಬಳೆಗಳ ಅಧ್ಯಯನದಿಂದ ಗೊತ್ತಾಯಿತು. ಆದುದರಿಂದ ಹಳೆಯ ಎಣಿಕೆಗಳನ್ನು ಬಳೆಗಳ ಕೋಷ್ಟಕದೊಡನೆ ಹೊಂದಿಸಿ ನೋಡುವುದು ಅವಶ್ಯಕವಾಗಿದೆ. ಇದನ್ನು ಮಾಡದೆ 1960ರ ದಶಕದ ವರದಿಯ ಅಂಕಿಯನ್ನು ಇಂದಿನ ಅಂಕಿಯ ಪಕ್ಕದಲ್ಲಿಟ್ಟು ಹೋಲಿಸುವುದು ನಮ್ಮ ಪಾಠಗಳಲ್ಲಿ ಆಗಾಗ ನಡೆಯುವ ತಪ್ಪು. ಇನ್ನೊಂದು ಎಚ್ಚರವೂ ಬೇಕು. ಹಳೆಯ ಮರದ ತೊಲೆ ಸುಟ್ಟು ಉಳಿದ ಇದ್ದಲು ಮರ ಬೆಳೆದ ಕಾಲವನ್ನು ಹೇಳುತ್ತದೆಯೇ ಹೊರತು ಬೆಂಕಿ ಹತ್ತಿದ ಕಾಲವನ್ನಲ್ಲ. ಕಾಳಿನ ವಿಷಯದಲ್ಲಿ ಈ ತೊಡಕಿಲ್ಲ. ಅದು ಒಂದು ಬೆಳೆಯ ಫಲ. ಹಿಂದೆ ಪರೀಕ್ಷೆಗೆ ಹಲವು ಗ್ರಾಂ ಇದ್ದಲು ಬೇಕಾಗುತ್ತಿತ್ತು. 1970ರ ದಶಕದ ಕೊನೆಯಲ್ಲಿ ಬಂದ ವೇಗವರ್ಧಕ ಯಂತ್ರದ ವಿಧಾನಕ್ಕೆ ಸುಟ್ಟ ಒಂದೇ ಕಾಳು ಸಾಕು.

ಆದರೆ ಆ ಕಾಳು ಎಲ್ಲಿಂದ ಬರಬೇಕು? ಅಗೆದ ಮಣ್ಣನ್ನು ನೀರಿನಲ್ಲಿ ಕದಡಿದರೆ ಸುಟ್ಟು ಕರಿಯಾದ ಬೀಜಗಳು ಮೇಲೆ ತೇಲುತ್ತವೆ. ಅವನ್ನು ಸಣ್ಣ ಜರಡಿಯಲ್ಲಿ ಹಿಡಿಯುವುದೇ ವಿಧಾನ. ನರಸೀಪುರದ ಅಗೆತದ ಕಾಲಕ್ಕೆ ಈ ಕ್ರಮ ನಮ್ಮ ದೇಶದಲ್ಲಿ ರೂಢಿಗೆ ಬಂದಿರಲಿಲ್ಲ. ಮುಂದೆ ಡೋರಿಯನ್ ಫುಲ್ಲರ್, ರವಿ ಕೋರಿಶೆಟ್ಟರ್ ಮೊದಲಾದವರು ಬಳ್ಳಾರಿಯ ಸಂಗನಕಲ್ಲು ಮುಂತಾದ ನೆಲೆಗಳಲ್ಲಿ ಇದನ್ನು ಅನುಸರಿಸಿ, ಕೊರಲೆ, ಹುರುಳಿ, ಹೆಸರು ಇವು ದಕ್ಷಿಣದ ನವಶಿಲಾಯುಗದ ಜನರ ಮುಖ್ಯ ಆಹಾರಗಳಲ್ಲಿ ಸೇರಿದ್ದುವೆಂದು ತೋರಿಸಿದರು. ಈ ಸಂಶೋಧನೆಗಳ ಸಾರ 2004ರಲ್ಲಿ ಪ್ರಕಟವಾಯಿತು. ಹಳ್ಳೂರಿನ ನವಶಿಲಾಯುಗದ ಸ್ತರದಲ್ಲಿ ರಾಗಿ ಸಿಕ್ಕಿತೆಂಬ 1971ರ ಹೇಳಿಕೆಯೂ ಇದೇ ಸಂಶೋಧಕರ ವಿಮರ್ಶೆಗೆ ಒಳಗಾಗಿದೆ. ಬೇಸಾಯವೆಲ್ಲ ಹೊರಗಿನಿಂದಲೇ ಬಂದಿತೆಂಬ ಸುಲಭದ ಮಾತನ್ನು ಇನ್ನು ಹೇಳುವಂತಿಲ್ಲ. ಇಂದಿಗೂ ನಮ್ಮ ಸೀಮೆಯ ಅಡಿಗೆಮನೆಯಲ್ಲಿ ಬೇಯುವ ಹುರುಳಿಗೆ ಶಾಸನಗಳಿಗಿಂತ ದೀರ್ಘವಾದ ಚರಿತ್ರೆಯಿದೆ.

ಬೀಜವಿಲ್ಲದ ಬೆಳೆಯ ಚರಿತ್ರೆಗೆ ಬೇರೆ ದಾರಿ ಬೇಕು. ನಂಜನಗೂಡಿನ ರಸಬಾಳೆ ಇದಕ್ಕೆ ಉತ್ತಮ ನಿದರ್ಶನ. ಕಂದಿನಿಂದ ಕಂದು ಹುಟ್ಟುವ ಈ ಬಾಳೆ ತನ್ನ ವಂಶದ ದಾಖಲೆಯನ್ನು ಜೀವಕೋಶದಲ್ಲಿಯೇ ಇಟ್ಟುಕೊಂಡಿದೆ. ಮೂರು ವರ್ಣತಂತುಗಣಗಳಲ್ಲಿ ಎರಡು ಮೂಸಾ ಅಕ್ಯುಮಿನೇಟ ಎಂಬ ಕಾಡುಬಾಳೆಯವು, ಒಂದು ಮೂಸಾ ಬಾಲ್ಬಿಸಿಯಾನ ಎಂಬುದರದು. ಅಕ್ಯುಮಿನೇಟದ ಸಮಗ್ರ ವಂಶಲಿಪಿಯನ್ನು ವಿಜ್ಞಾನಿಗಳು 2012ರಲ್ಲಿ ಪ್ರಕಟಿಸಿದರು. ಎಲ್ಲ ಗಿಡಗಳೂ ಒಂದೇ ಅಚ್ಚಿನವಾದುದರಿಂದ ಒಂದಕ್ಕೆ ತಗುಲಿದ ರೋಗ ಎಲ್ಲಕ್ಕೂ ತಗುಲುತ್ತದೆ. ಪನಾಮ ಸೊರಗುರೋಗದ ಶಿಲೀಂಧ್ರವು ದಶಕಗಳ ಕಾಲ ಮಣ್ಣಿನಲ್ಲಿ ಉಳಿಯಬಲ್ಲುದು. ಭೌಗೋಳಿಕ ಸೂಚಿಯ ಮಾನ್ಯತೆಯನ್ನು ಪಡೆದಿರುವ ರಸಬಾಳೆಯ ತೋಟಗಳು ಕುಗ್ಗಿದುದಕ್ಕೆ ಈ ರೋಗವೇ ಮುಖ್ಯ ಕಾರಣ. ಯಾವ ಹೊಲದಲ್ಲಿ, ಎಂದು, ಯಾರ ಕಾಲಕ್ಕೆ ಗಿಡ ಸೊರಗಿತೆಂಬುದು ಹಿರಿಯ ರೈತರ ನೆನಪಿನಲ್ಲಿ ಮಾತ್ರ ಇರುತ್ತದೆ. ಅದನ್ನು ಬರೆದಿಡುವುದು ಇತಿಹಾಸ ವಿಭಾಗಗಳ ಕೆಲಸವೆಂದು ನಾವು ಭಾವಿಸುತ್ತೇವೆ.

ಇನ್ನು ನರಸೀಪುರ ತಾಲ್ಲೂಕಿನ ತಲಕಾಡಿನ ಮರಳು. 1610ರಲ್ಲಿ ಶ್ರೀರಂಗಪಟ್ಟಣವು ರಾಜ ಒಡೆಯರ ವಶವಾದ ಸಂದರ್ಭಕ್ಕೆ ಅಲಮೇಲಮ್ಮನ ಶಾಪದ ಕಥೆಯನ್ನು ಜನ ಜೋಡಿಸಿದ್ದಾರೆ. ಮರಳಿಗೆ ನದಿಯ ತಿರುವು, ಗಾಳಿಯ ದಿಕ್ಕು, ಮೇಲುಭಾಗದ ಮಾಧವಮಂತ್ರಿ ಕಟ್ಟೆ ಇವುಗಳನ್ನು ಕಾರಣವಾಗಿ ಹೇಳುವವರೂ ಇದ್ದಾರೆ. ಮರಳಿನ ಕಣವು ಕೊನೆಯದಾಗಿ ಬಿಸಿಲನ್ನು ಕಂಡು ಎಷ್ಟು ಕಾಲವಾಯಿತೆಂಬುದನ್ನು ಅಳೆಯುವ ಬೆಳಕಿನ ವಿಧಾನವೊಂದು 1985ರಿಂದ ಬಳಕೆಯಲ್ಲಿದೆ. ಅದರಿಂದ ಸ್ತರಸ್ತರವಾಗಿ ಮರಳು ಕವಿದ ಕಾಲವನ್ನು ತಿಳಿಯಬಹುದು. ಮರಳು 1610ಕ್ಕೆ ಮೊದಲೇ ಕವಿಯತೊಡಗಿದ್ದರೆ, ಕಂಡ ಅನಾಹುತಕ್ಕೆ ಕಾರಣ ಹೇಳಲು ಹುಟ್ಟಿದ ಕಥೆ ಅದೆನ್ನಬಹುದು. ಆದರೆ ಸೋತವರ ಹೆಂಗಸೊಬ್ಬಳ ನೋವನ್ನು ಜನ ನಾಲ್ಕು ಶತಮಾನ ಏಕೆ ನೆನೆದರೆಂಬುದಕ್ಕೆ ಯಾವ ಯಂತ್ರವೂ ಉತ್ತರ ಕೊಡದು. ಆ ಪ್ರಶ್ನೆ ಇತಿಹಾಸಕಾರನದೇ.

ಕಳೆದ ಬಾರಿ ವಿದ್ಯಾರ್ಥಿಗಳೊಡನೆ ನಾವು ಸಂಗಮಕ್ಕೆ ಹೋಗಿದ್ದಾಗ ಒಬ್ಬ ವಿದ್ಯಾರ್ಥಿ, "ಅಗೆದ ಮೇಲೆ ಉಳಿದ ಮಣ್ಣನ್ನು ಏನು ಮಾಡಿದರು ಸಾರ್?" ಎಂದು ಕೇಳಿದನು. ಆ ದಿನ ನಾವು ಕೊಟ್ಟ ಉತ್ತರ ನಮಗೇ ತೃಪ್ತಿಕರವಾಗಲಿಲ್ಲ. 1959ರಲ್ಲಿ ಅಗೆದವರನ್ನು ಇದಕ್ಕಾಗಿ ದೂರುವುದು ನ್ಯಾಯವಲ್ಲ. ಮಡಕೆಯನ್ನೂ ಕೊಡಲಿಯನ್ನೂ ಇದ್ದಲನ್ನೂ ಅವರು ಜೋಪಾನಮಾಡಿದುದರಿಂದಲೇ ಇಂದಿನ ಚರ್ಚೆ ಸಾಧ್ಯವಾಗಿದೆ. ಕಾಳು, ಎಲುಬು, ಮರಳಿನ ಕಣ ಇವೂ ಸಾಕ್ಷಿ ಹೇಳಬಲ್ಲುವೆಂಬುದು ಆಗ ಹೆಚ್ಚಿನವರಿಗೆ ತಿಳಿದಿರಲಿಲ್ಲ. ಇಂದು ನಮಗೆ ತಿಳಿದಿದೆ. ತಿಳಿದ ಮೇಲೆ ಹೊಣೆಯೂ ಹೆಚ್ಚುತ್ತದೆ.

ಆದುದರಿಂದ ಕಾಲೇಜುಗಳ ಅಧ್ಯಾಪಕಮಿತ್ರರಲ್ಲಿ ನಮ್ಮ ವಿಜ್ಞಾಪನೆ ಇಷ್ಟೆ. ಕೆರೆಯ ಹೂಳೆತ್ತುವಾಗ, ನಾಲೆ ತೋಡುವಾಗ, ಮನೆಗೆ ಪಾಯ ತೆಗೆಯುವಾಗ ಬೂದಿಯ ಪದರವೋ ಮಡಕೆಯ ರಾಶಿಯೋ ಕಂಡರೆ ಸ್ವತಃ ಕೆದಕದೆ ಪುರಾತತ್ತ್ವ ಇಲಾಖೆಗೆ ತಿಳಿಸಬೇಕು. ಸ್ಥಳವನ್ನೂ ಆಳವನ್ನೂ ಬರೆದಿಡಬೇಕು. ಶಾಸ್ತ್ರೀಯವಾದ ಅಗೆತ ನಡೆದಲ್ಲಿ ಪ್ರತಿಯೊಂದು ಸ್ತರದಿಂದಲೂ ಒಂದು ಚೀಲ ಮಣ್ಣನ್ನು ಗುರುತುಪಟ್ಟಿಯೊಡನೆ ಕಾದಿರಿಸುವಂತೆ ಕೇಳಬೇಕು. ಆ ಮಣ್ಣಿಗೆ ನಾಳೆಯ ವಿಜ್ಞಾನ ಯಾವ ಪ್ರಶ್ನೆ ಹಾಕುವುದೆಂದು ಹೇಳಲಾರೆವು. ಪ್ರಶ್ನೆ ಬರುವ ದಿನ ಚೀಲವು ಕಪಾಟಿನಲ್ಲಿರಬೇಕು.