ಮೊದಲ ದಿನದ ಬ್ಯಾರೆಲ್ಲುಗಳು: ಪಾರ್ಶಲ್ ತೈಲಕ್ಷೇತ್ರದ ಆರಂಭಿಕ ಇಳುವರಿಯನ್ನು ಓದುವ ಬಗೆ

ಅಮೆರಿಕದ ನಾರ್ತ್ ಡಕೋಟಾ ರಾಜ್ಯದ ಮೌಂಟ್ರೇಲ್ ಕೌಂಟಿಯಲ್ಲಿ ಪಾರ್ಶಲ್ ಎಂಬ ಊರಿದೆ. ಸಾವಿರ ಜನರೂ ಇಲ್ಲದ, ಗೋಧಿ ಬೆಳೆಯುವ ಸೀಮೆ. 2006ರಲ್ಲಿ ಇಒಜಿ ರಿಸೋರ್ಸಸ್ ಕಂಪನಿ ಇಲ್ಲಿ ಕೊರೆಸಿದ ‘ಪಾರ್ಶಲ್ 1-36ಎಚ್’ ಬಾವಿ ಆರಂಭದಲ್ಲಿ ದಿನಕ್ಕೆ 463 ಬ್ಯಾರೆಲ್ ತೈಲ ಕೊಟ್ಟಿತು. ಪಾರ್ಶಲ್ ಕ್ಷೇತ್ರದ ಚರಿತ್ರೆ ಸಾಮಾನ್ಯವಾಗಿ ಈ ಅಂಕಿಯಿಂದಲೇ ಶುರುವಾಗುತ್ತದೆ. ಆದರೆ ಅದಕ್ಕೆ ತೂಕ ಬಂದದ್ದು ಸುತ್ತಲಿನ ಶಿಲೆಯ ಬಗ್ಗೆ ಮೊದಲೇ ಕೂಡಿಬಿದ್ದಿದ್ದ ದಾಖಲೆಗಳಿಂದ ಎಂಬುದು ಈ ಲೇಖನದ ವಾದ.

ಈ ತೈಲ ಬರುವುದು ಸುಮಾರು ಮೂರು ಕಿಲೋಮೀಟರ್ ಆಳದಲ್ಲಿರುವ ಬಾಕನ್ ಶಿಲಾಸ್ತರದಿಂದ. ಅದಕ್ಕೆ ಮೂರು ಪದರಗಳಿವೆ. ಮೇಲೆ ಮತ್ತು ಕೆಳಗೆ ಜೈವಿಕಾಂಶ ತುಂಬಿದ ಕಪ್ಪು ಶೇಲ್. ನಡುವೆ ಡಾಲೊಮೈಟ್ ಬೆರೆತ ನಯವಾದ ಹೂಳುಗಲ್ಲು. ತೈಲ ಹುಟ್ಟುವುದು ಶೇಲ್‌ನಲ್ಲಿ. ಬಾವಿ ಅಡ್ಡಲಾಗಿ ಹಾಯುವುದು ನಡುವಿನ ಪದರದಲ್ಲಿ. ಹಾಗಾಗಿ ಇದನ್ನು ಬರಿಯ ‘ಶೇಲ್ ತೈಲ’ ಎನ್ನುವುದು ಅರ್ಧ ಸತ್ಯವಷ್ಟೆ. ನಡುವಿನ ಪದರವೂ ಎಷ್ಟು ಬಿಗಿಯೆಂದರೆ, ಒತ್ತಡದ ನೀರಿನಿಂದ ಬಿರುಕು ಬಿಡಿಸಿ, ಆ ಬಿರುಕು ಮತ್ತೆ ಮುಚ್ಚದಂತೆ ಮರಳು ತುಂಬದಿದ್ದರೆ ಲಾಭಕ್ಕೆ ಸಾಲುವಷ್ಟು ತೈಲ ಹರಿದು ಬರುವುದಿಲ್ಲ.

ಆರಂಭಿಕ ಇಳುವರಿಯನ್ನು ಎಚ್ಚರಿಕೆಯಿಂದ ಓದಬೇಕಾದದ್ದೂ ಇದೇ ಕಾರಣಕ್ಕೆ. ಮೊದಲು ಬರುವುದು ಬಿರುಕುಗಳಲ್ಲಿ ಮತ್ತು ಅವುಗಳ ಮಗ್ಗುಲಲ್ಲಿ ಸುಲಭಕ್ಕೆ ಸಿಗುವ ತೈಲ. ಆಗ ಒತ್ತಡವೂ ಹೆಚ್ಚು. ಬಾವಿಯ ಬಾಯಲ್ಲಿ ಹರಿವನ್ನು ಹಿಡಿತದಲ್ಲಿಡುವ ಚೋಕ್ ಎಂಬ ಕವಾಟವನ್ನು ಇನ್ನಷ್ಟು ಅಗಲಿಸಿದರೆ ಮೊದಲ 24 ಗಂಟೆಯ ಇಳುವರಿಯ ಅಂಕಿ ತಾನಾಗಿ ಏರುತ್ತದೆ. ಆಮೇಲೆ ಕಲ್ಲಿನ ಒಳಗಿಂದ ಜಿನುಗುವುದಕ್ಕೆ ಕಾಯಬೇಕು. ಬಾಕನ್‌ನ ಬಾವಿಗಳ ದಿನದ ಇಳುವರಿ ಮೊದಲ ವರ್ಷದಲ್ಲೇ ಅರ್ಧಕ್ಕಿಂತ ಕೆಳಗಿಳಿಯುವುದು ಸಾಮಾನ್ಯ. ಹೂಡಿಕೆದಾರರಿಗೆ ಹೊರಡುವ ಪ್ರಕಟಣೆಯಲ್ಲಿ ದೊಡ್ಡ ಅಂಕಿ ತಲೆಬರಹದಲ್ಲಿರುತ್ತದೆ, ಚೋಕ್‌ನ ಅಳತೆ, ಇದ್ದರೆ, ಎಲ್ಲೋ ಕೆಳಗಿರುತ್ತದೆ! ವರ್ಷವೊಂದರಲ್ಲಿ ಬಾವಿ ಕೊಟ್ಟ ಒಟ್ಟು ತೈಲವೇ ಹೆಚ್ಚು ನಂಬತಕ್ಕ ಸಾಕ್ಷ್ಯ.

ಪಾರ್ಶಲ್‌ನ ಭರವಸೆ ಹುಟ್ಟಿದ್ದೇ ಬೇರೆಯವರ ಹಳೆಯ ಬಾವಿಗಳಿಂದ. ನೆರೆಯ ಮೊಂಟಾನಾದ ಎಲ್ಮ್ ಕೂಲೀಯಲ್ಲಿ 2000ದಿಂದ ಇದೇ ನಡುವಿನ ಪದರ ಫಲ ಕೊಡತೊಡಗಿತ್ತು. ಭೂವಿಜ್ಞಾನಿ ಮೈಕೇಲ್ ಜಾನ್ಸನ್ ಹಳೆಯ ಬಾವಿಗಳ ದಾಖಲೆ ತಿರುವಿಹಾಕಿ, ಅಲ್ಲಿನ ಲಕ್ಷಣಗಳನ್ನು ಇಲ್ಲಿಯೂ ಗುರುತಿಸಿದರು. ನಾರ್ತ್ ಡಕೋಟಾದಲ್ಲಿ ಕಂಪನಿ ಬಯಸಿದರೆ ಹೊಸ ಬಾವಿಯ ವಿವರ ಆರು ತಿಂಗಳು ಗುಟ್ಟಾಗಿರಬಹುದು, ಆಮೇಲೆ ಅದು ಸಾರ್ವಜನಿಕ. ಇಂಥ ದಾಖಲೆ ಎಲ್ಲರಿಗೂ ಸಿಗುವಂತೆ ಮಾಡುವ ಈ ನಿಯಮಕ್ಕೆ ಸಲ್ಲಬೇಕಾದ ಶ್ರೇಯ ಸಂದಿಲ್ಲವೆಂದು ನನಗನಿಸುತ್ತದೆ. ಇನ್ನೊಂದು ಮಾತು: ಪಾರ್ಶಲ್ ಇರುವುದು ಶೇಲ್ ತೈಲ ಕೊಡುವಷ್ಟು ಪಕ್ವಗೊಂಡ ವಲಯದ ಪೂರ್ವದ ಅಂಚಿನಲ್ಲಿ. ಹಾಗಾಗಿ ಇಲ್ಲಿನ ಒಂದು ಬಾವಿಯ ಯಶಸ್ಸನ್ನು ಅದರಾಚೆ ಪೂರ್ವದ ಊರುಗಳಿಗೆ ಹಾಗೆಯೇ ಹೊಂದಿಸಿ ಲೆಕ್ಕ ಹಾಕುವಂತಿಲ್ಲ.

ಅಮೆರಿಕದ ಭೂವೈಜ್ಞಾನಿಕ ಸರ್ವೇಕ್ಷಣೆ ಬಾಕನ್‌ನಿಂದ ತೆಗೆಯಬಹುದಾದ ತೈಲವನ್ನು 1995ರಲ್ಲಿ 15.1 ಕೋಟಿ ಬ್ಯಾರೆಲ್ ಎಂದಿತ್ತು. 2008ರಲ್ಲಿ 365 ಕೋಟಿ ಎಂದಿತು. ಬದಲಾದದ್ದು ಕೊರೆಯುವ ತಂತ್ರ ಮತ್ತು ಶಿಲೆಯ ಬಗೆಗಿನ ತಿಳಿವಳಿಕೆ. 2014ರಲ್ಲಿ ರಾಜ್ಯದ ಉತ್ಪಾದನೆ ದಿನಕ್ಕೆ 10 ಲಕ್ಷ ಬ್ಯಾರೆಲ್ ದಾಟಿತು. ಬಾವಿಗಳು ಇಷ್ಟು ಬೇಗ ಸೊರಗುವಲ್ಲಿ ಆ ಮಟ್ಟ ಉಳಿಯಬೇಕಾದರೆ ಹೊಸ ಬಾವಿ ತೋಡುತ್ತಲೇ ಇರಬೇಕು.

ಹೊಲದ ಒಡೆಯರ ಲೆಕ್ಕವೇ ಬೇರೆ. ಅಲ್ಲಿ ನೆಲ ಒಬ್ಬರದು, ಅಡಿಯ ಖನಿಜದ ಹಕ್ಕು ಇನ್ನೊಬ್ಬರದು ಆಗಿರಬಹುದು. ಹಕ್ಕು ಹಿಂದೆಯೇ ಕೈಬಿಟ್ಟ ಕುಟುಂಬದ ಪಾಲಿಗೆ ಒಳ್ಳೆಯ ಬಾವಿಯೆಂದರೆ ಲಾರಿಗಳ ಧೂಳು ಮತ್ತು ಹೊಲದ ನಡುವೆ ಜಲ್ಲಿ ಹಾಸಿದ ಅಂಗಳ. ರಾಜ್ಯದ 1979ರ ಕಾನೂನು ಅವರಿಗೆ ನೆಲ ಮತ್ತು ಬೆಳೆಯ ನಷ್ಟಕ್ಕೆ ಪರಿಹಾರ ಕೊಡಿಸುತ್ತದೆ, ತೈಲದಲ್ಲಿ ಪಾಲು ಕೊಡಿಸುವುದಿಲ್ಲ.