ಕಡತದೊಳಗಿನ ಅಂಕಿಗಳು

ನಮ್ಮಜ್ಜಿ ಹಾಡುತ್ತಿದ್ದ ಬೀಸುವ ಪದಗಳನ್ನು ಅಪ್ಪ 2001ರಲ್ಲಿ ಡಿಟಿಪಿ ಅಂಗಡಿಯೊಂದರಲ್ಲಿ ಟೈಪು ಮಾಡಿಸಿದ್ದರು. ಅಜ್ಜಿ ಈಗಿಲ್ಲ. ಅಚ್ಚಾದ ಪ್ರತಿ ಮನೆ ಬದಲಿಸುವಾಗ ಕಳೆದುಹೋಯಿತು. ಉಳಿದದ್ದು ಒಂದು ಪಠ್ಯ ಕಡತ ಮಾತ್ರ. ಕಳೆದ ವರ್ಷ ತೆರೆದು ನೋಡಿದರೆ ಅದರಲ್ಲಿ ಕನ್ನಡವೇ ಇಲ್ಲ. ರೋಮನ್ ಅಕ್ಷರ, ಪೌಂಡ್ ಚಿಹ್ನೆ, ತಲೆಯ ಮೇಲೆ ಗೆರೆಯಿರುವ 'ಎ'ಗಳ ಸಂತೆ. ಕಡತ ಕೆಟ್ಟಿದೆ ಎಂದರು ನೋಡಿದವರೆಲ್ಲ.

ನಿಜಕ್ಕೂ ಕೆಟ್ಟಿದೆಯೇ ಎಂದು ತಿಳಿಯಲು ಪರದೆಯ ಅಕ್ಷರಗಳನ್ನು ಬಿಟ್ಟು ಒಳಗಿನ ಬೈಟುಗಳನ್ನೇ ನೋಡಬೇಕು. ಇದಕ್ಕೆ ದೊಡ್ಡ ಚರಿತ್ರೆಯಿದೆ. ಬೆಲ್ ಲ್ಯಾಬ್ಸ್‌ನ ಯುನಿಕ್ಸ್ ವ್ಯವಸ್ಥೆಯ ಮೊದಲ ಕೈಪಿಡಿ ಬಂದದ್ದು 1971ರ ನವೆಂಬರಿನಲ್ಲಿ. ಅದರಲ್ಲೇ 'ಓಡಿ' ಎಂಬ ಆಜ್ಞೆಯಿದೆ. ಆಕ್ಟಲ್ ಡಂಪ್ ಎಂಬುದರ ಮೊಟಕು ರೂಪವದು. ಅಷ್ಟಮಾನದ ಒಂದು ಅಂಕಿ ಮೂರು ಬಿಟ್‌ಗೆ ಸಮ. ಯುನಿಕ್ಸ್ ಹುಟ್ಟಿದ ಪಿಡಿಪಿ-7 ಯಂತ್ರ 18 ಬಿಟ್‌ಗಳದು. ಆರು ಅಂಕಿಗಳಲ್ಲಿ ಅಚ್ಚುಕಟ್ಟಾಗಿ ಕೂರುತ್ತಿತ್ತು. ಈ ಪುಟ್ಟ ಆಜ್ಞೆ ಭಾಷೆಯನ್ನೂ ತಿದ್ದಿತು. ಸ್ಟೀವ್ ಬೋರ್ನ್ ತಮ್ಮ ಶೆಲ್‌ನಲ್ಲಿ 'ಇಫ್' ಅನ್ನು ತಿರುವಿ 'ಫಿ' ಎಂದು ಮುಗಿಸಿದರು; 'ಡೂ' ತಿರುವಿದರೆ 'ಓಡಿ' ಆಗುತ್ತದೆ, ಆ ಹೆಸರು ಆಗಲೇ ಬಳಕೆಯಲ್ಲಿತ್ತು. ಹಾಗಾಗಿ 'ಡನ್' ಬಂತು.

ಎಂಟು ಬಿಟ್‌ಗಳ ಬೈಟು ರೂಢಿಯಾದ ಮೇಲೆ ಎರಡೇ ಅಂಕಿಗಳಲ್ಲಿ ಬೈಟನ್ನು ಹೇಳುವ ಹದಿನಾರರ ಮಾನ ಗೆದ್ದಿತು. 1990ರ ದಶಕದಲ್ಲಿ ಯೂರ್ಗನ್ ವೈಗರ್ಟ್ ಬರೆದ 'ಎಕ್ಸ್‌ಎಕ್ಸ್‌ಡಿ' ಅಂಕಿಗಳನ್ನು ತೋರಿಸುವುದಷ್ಟೇ ಅಲ್ಲ, ತಿದ್ದಿದ ಅಂಕಿಗಳನ್ನು ಮರಳಿ ಕಡತವನ್ನಾಗಿಯೂ ಮಾಡುತ್ತದೆ.

ನಾನು ಅದನ್ನೇ ಓಡಿಸಿದೆ. ಒಂದೆಡೆ ಕಂಡದ್ದು: 50 ಸಿ0 ಎ3 ಸಿ0 ಡಿಎಫ್ 71 ಸಿ0. ಈ ಏಳು ಬೈಟುಗಳು ಹಳೆಯ ಫಾಂಟಿನಲ್ಲಿ 'ಕನ್ನಡ' ಎಂಬ ಪದ! ಅಲ್ಲಿ ಬೈಟು ಅಕ್ಷರವಲ್ಲ, ಅಕ್ಷರದ ತುಂಡು. 50 ಎಂದರೆ ತಲೆಕಟ್ಟಿಲ್ಲದ ಕಕಾರ, ಸಿ0 ತಲೆಕಟ್ಟು, ಡಿಎಫ್ ನಕಾರದ ಒತ್ತು. ಕನ್ನಡ 1991ರ ಮೊದಲ ಯುನಿಕೋಡ್‌ನಲ್ಲೇ ಜಾಗ ಪಡೆದಿತ್ತು. 1992ರಲ್ಲಿ ಕೆನ್ ಥಾಮ್ಸನ್ ಮತ್ತು ರಾಬ್ ಪೈಕ್ ರೂಪಿಸಿದ ಯುಟಿಎಫ್-8ರಲ್ಲಿ ನಮ್ಮ ಪ್ರತಿ ಸಂಕೇತಕ್ಕೂ ಮೂರು ಬೈಟು. ಅದೇ ಪದಕ್ಕೆ ಹದಿನೈದು. 'ಕ' ಈಗ ಇ0 ಬಿ2 95. ತುಂಡುಗಳ ಪಟ್ಟಿ ಮಾಡಿ, ಜೋಡಿಸಿ, ಒಂದೊಂದೇ ಪದವನ್ನು ಯುನಿಕೋಡಿಗೆ ತಂದೆ. ಕಡತ ಕೆಟ್ಟಿರಲಿಲ್ಲ, ಓದುವ ಕೀಲಿ ಕಳೆದಿತ್ತು.

ಆದರೆ ಎರಡು ಪದಗಳ ನಡುವೆ ಸಾಲುಸಾಲಾಗಿ 3ಎಫ್ ಕಂಡಿತು. ಅದು ಪ್ರಶ್ನಾರ್ಥಕ ಚಿಹ್ನೆ. ಯಾರೋ ಎಂದೋ ಆ ಭಾಗವನ್ನು ಬೇರೆ ತಂತ್ರಾಂಶದಲ್ಲಿ ಉಳಿಸಿದಾಗ, ಅದಕ್ಕೆ ಗೊತ್ತಿಲ್ಲದ ಬೈಟುಗಳೆಲ್ಲ ಹಾಗಾಗಿರಬೇಕು. ಅಲ್ಲಿ ಯಾವ ಆಜ್ಞೆಯೂ ನಡೆಯದು. ಎಂಬತ್ತು ದಾಟಿದ ಸೋದರತ್ತೆಗೆ ಫೋನು ಮಾಡಿದೆ. "ಆ ಪದವೇನೋ? ತಡಿ, ನೆನಪು ಮಾಡ್ಕೋತೀನಿ" ಎಂದವರು ಅರ್ಧ ಗಂಟೆಯ ನಂತರ ತಾವೇ ಫೋನು ಮಾಡಿ ಹಾಡಿದರು. ಒಂದು ಪದ ಪೂರ್ತಿ ಸಿಕ್ಕಿತು. ಇನ್ನೊಂದರಲ್ಲಿ ಮೂರು ಸಾಲು ಖಾಲಿ ಬಿಟ್ಟಿದ್ದೇನೆ.