ಹುಡುಕಾಟಕ್ಕೆ ಸಿಗದಿದ್ದ ಕನ್ನಡ

ದಕ್ಷಿಣ ಕನ್ನಡ ಜಿಲ್ಲೆಯ ವಾಮದಪದವಿನ ಹುಡುಗರು ಇಂದು ಊರ ಹೆಸರನ್ನು ಕನ್ನಡದಲ್ಲೇ ಟೈಪಿಸಿ ಹುಡುಕಬಲ್ಲರು. ಇದರ ಹಿಂದೆ ಇದೇ ಜಿಲ್ಲೆಯ ಕಿನ್ನಿಕಂಬಳದ ಕೆ. ಪಿ. ರಾವ್ ರೂಪಿಸಿದ ಕೀಲಿಮಣೆ ವಿನ್ಯಾಸದ ದೊಡ್ಡ ಋಣವಿದೆ.

1996ರಲ್ಲಿ ಯು. ಬಿ. ಪವನಜ ‘ವಿಶ್ವಕನ್ನಡ’ ಅಂತರಜಾಲ ಪತ್ರಿಕೆ ಆರಂಭಿಸಿದ ಕಾಲದಲ್ಲಿ ಒಂದೊಂದು ಫಾಂಟಿಗೆ ಒಂದೊಂದು ಸಂಕೇತ. ಮುಂದೆ ಬಂದ ‘ನುಡಿ’ ತಂತ್ರಾಂಶದ ಹಳೆಯ ಫಾಂಟನ್ನೇ ನೋಡಿ: ಪರದೆಯ ಮೇಲೆ ‘ಕ’ ಕಂಡರೂ ಕಂಪ್ಯೂಟರಿನೊಳಗೆ ಕೂತಿರುತ್ತಿದ್ದುದು ರೋಮನ್ ಲಿಪಿಯ ‘PÀ’. ಫಾಂಟ್ ಇಲ್ಲದವರಿಗೆ ಪುಟವೆಲ್ಲ ಅರ್ಥವಾಗದ ಗೀಚು. ಹುಡುಕುಯಂತ್ರಕ್ಕೂ ಅಷ್ಟೇ! ಪ್ರತಿ ಅಕ್ಷರಕ್ಕೂ ಎಲ್ಲೆಡೆ ಒಂದೇ ಸಂಕೇತ ಕೊಡುವ ಯುನಿಕೋಡ್ ಬಳಕೆ ಹರಡಿದ ಮೇಲೆಯೇ ಅದರ ಕಣ್ಣಿಗೆ ಕನ್ನಡ ಬಿತ್ತು.

ಒಂದೇ ಕಂಪನಿಯ ಕೈಯಲ್ಲಿರುವ ತಂತ್ರಜ್ಞಾನದ ಪಾಡು ಬೇರೆ: 2023ರಲ್ಲಿ ಟ್ವಿಟರ್, ತನ್ನನ್ನು ಬಳಸಲೆಂದು ಹೊರಗಿನವರು ಕಟ್ಟಿದ ಆ್ಯಪ್‌ಗಳನ್ನು ನಿಷೇಧಿಸಿ, ಹಲವರ ವರ್ಷಗಳ ದುಡಿಮೆಯನ್ನು ಬೀದಿಗೆ ತಳ್ಳಿತು. ಅದು ಅನ್ಯಾಯವೇ. ಆದರೆ ಯುನಿಕೋಡ್‌ನಂಥ ಮುಕ್ತ ಮಾನಕವನ್ನು ಹಾಗೆ ಒಂದೇ ಕಂಪನಿ ಮುಚ್ಚಲಾಗದು.

ಇದೇ ಜಿಲ್ಲೆಯ ಇನ್ನೊಂದು ಭಾಷೆಯಾದ ತುಳುವಿನ ಸರದಿ ತಡವಾಗಿ ಬಂತು: 2016ರಲ್ಲಿ ವಿಕಿಪೀಡಿಯ, 2024ರಲ್ಲಿ ಗೂಗಲ್ ಅನುವಾದ, ಅದೇ ವರ್ಷ ಯುನಿಕೋಡಿನಲ್ಲಿ ತುಳು-ತಿಗಳಾರಿ ಲಿಪಿ.